ಕಾಲ್ಕಡಗ ವಾಪಸು ಕೊಟ್ಟದ್ದು

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷಿನಲ್ಲಿ ಮಗಳ ಹೆಸರು ಹೇಗೆ ಕಾಣುತ್ತದೆ ಎಂಬುದನ್ನು ಮಾತ್ರ ಕಲಿತಿದ್ದೇನೆ. ಅವಳು ಬರೆದ ಲೇಖನ ಅಚ್ಚಾದಾಗೆಲ್ಲ ಆ ಹೆಸರನ್ನು ಹುಡುಕುತ್ತೇನೆ. ಹೆಚ್ಚಿನವು ಲೋಹ, ಉಪ್ಪುನೀರು, ಕರೆಂಟು ಇವುಗಳ ಮೇಲಿನವು. ವಿದ್ಯುತ್ ರಸಾಯನ ಅನ್ನುತ್ತಾಳೆ. ನನಗೆ ಅವು ಬೇಕಿಲ್ಲ. ಒಂದು ಮಾತ್ರ ಎಳೆಗೂಸುಗಳ ಕಾಮಾಲೆಯದು, ಹೊಟ್ಟೆ ಉರಿಯುವುದು ಅದರ ವಿಷಯಕ್ಕೆ.

ನನ್ನ ಸಕ್ಕರೆ ಕಾಯಿಲೆ ನೋಡುವ ಮಿಷನ್ನಿಗೆ ಸಿಕ್ಕಿಸುವ ಪಟ್ಟಿ ಇದೆಯಲ್ಲ, ಅಂಥದ್ದೇ ಒಂದು ಪಟ್ಟಿ ಮಾಡಿದಳು. ಮಗುವಿನ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ಹಾಕಿದರೆ, ಅದರಲ್ಲಿ ಹರಿಯುವ ಕರೆಂಟು ನೋಡಿ ಕಾಮಾಲೆ ಎಷ್ಟಿದೆ ಎಂದು ಹೇಳಬಹುದು. ಆ ರಕ್ತಕ್ಕಾಗಿ ಮಗಳು ತುಂಬು ಬಸುರಿಯಾಗಿ ಕುಣಿಗಲ್ ಬಸ್ಸು ಹತ್ತುತ್ತಿದ್ದಳು. ಅಲ್ಲಿನ ಹೆರಿಗೆ ವಾರ್ಡಿನಲ್ಲಿ ತಾಯಂದಿರನ್ನು ಒಪ್ಪಿಸಿ ರಕ್ತ ತೆಗೆಸಿ, ಐಸು ಹಾಕಿದ ಡಬ್ಬದಲ್ಲಿ ತುಮಕೂರಿಗೆ ತರುತ್ತಿದ್ದಳು.

"ಯಾರಾದ್ರೂ ಸೀಟ್ ಬಿಟ್ರೇನೇ?" ಎಂದು ಕೇಳಿದರೆ, "ಡಬ್ಬಕ್ಕೆ ಜಾಗ ಸಿಕ್ತು ಬುಡವ್ವ" ಅನ್ನುತ್ತಿದ್ದಳು.

ಲೇಖನ ಬರೆದು ಮುಗಿಸಿ ಹೆರಿಗೆಗೆ ಗುಬ್ಬಿಗೆ ನನ್ನ ಹತ್ತಿರ ಬಂದಳು. ಗಂಡು ಮಗು ಆಯಿತು. ನೋಡಲು ಅವಳ ಗೈಡು, ಅಂದರೆ ಮೇಲೆ ನಿಂತು ಕೆಲಸ ಮಾಡಿಸುವ ಪ್ರೊಫೆಸರು, ಹೆಂಡತಿಯ ಜೊತೆ ಬಂದರು. ಆಕೆಯೂ ಯಾವುದೋ ಕಾಲೇಜಿನಲ್ಲಿ ಪಾಠ ಮಾಡುವವರು. ಬಾಣಂತಿ ಕೋಣೆಗೆ ಹೊರಗಿನ ಗಂಡಸರು ಹೋಗುವುದಿಲ್ಲ. ಆಕೆ ಒಳಗೆ ಹೋಗಿ ಮಗುವಿನ ಕಾಲಿಗೆ ಬೆಳ್ಳಿ ಕಡಗ ತೊಡಿಸಿದರು. ಪ್ರೊಫೆಸರು ನಡುಮನೆಯಲ್ಲಿ ಕೂತು ನಾನು ಕೊಟ್ಟ ಕೋಡುಬಳೆ ತಿಂದರು.

"ಬಾಣಂತಿಗೆ ಈಗ್ಯಾಕಮ್ಮ ಕಂಪ್ಯೂಟ್ರು? ಲೇಖನ ನಾನೇ ಕಳಿಸ್ತೀನಿ. ಹೆಸರುಗಳನ್ನ ಮಾತ್ರ ಸ್ವಲ್ಪ ಹಿಂದೆ ಮುಂದೆ ಮಾಡ್ಬೇಕು. ನಿಮ್ಮನೆ ಲಗ್ನಪತ್ರಿಕೇಲೂ ಹಿರಿಯರ ಹೆಸರೇ ಅಲ್ವಾ ಮೊದಲು ಬರೋದು?"

"ಇನ್ನೇನ್ ಸ್ವಾಮಿ, ಹುಡುಗ್ರು ಹೆಸ್ರು ಹಾಕ್ತಾರಾ?" ಎಂದೆ.

ಒಳಗೆ ಹೋಗಿ ಹೇಳಿದೆ. ಕಿವಿಗೆ ಬಟ್ಟೆ ಕಟ್ಟಿಕೊಂಡು ಮಗುವಿಗೆ ಹಾಲು ಕುಡಿಸುತ್ತಿದ್ದವಳು, "ಎಷ್ಟು ಹಿಂದಕ್ಕಂತೆ, ಕೇಳವ್ವ" ಎಂದಳು. ಹೊರಗೆ ಬಂದು ಕೇಳಿದೆ.

ಅವರು ನಕ್ಕರು. "ಎಲ್ಲಾರೂ ಒಂದೇ ಪುಟದಲ್ಲಿ ಇರ್ತೀವಲ್ಲಮ್ಮ."

ಅದನ್ನೂ ಒಳಗೆ ಮುಟ್ಟಿಸಿದೆ. ಅವರ ಹೆಂಡತಿ ಮಂಚದ ಪಕ್ಕದಲ್ಲೇ ಕೂತಿದ್ದರು. ಕಡಗ ಮಗುವಿನ ಕಾಲಲ್ಲಿತ್ತು. ಮಗಳು "ಸರಿ ಅನ್ನು" ಎಂದು ಗೋಡೆಯ ಕಡೆ ತಿರುಗಿದಳು.

ಅಚ್ಚಾದಾಗ ಮಗಳಿಂದ ಓದಿಸಿದೆ. ಮೊದಲ ಹೆಸರು ಪ್ರೊಫೆಸರದು, ಎರಡನೆಯದು ಹೆಂಡತಿಯದು, ಮೂರನೆಯದು ಯಾರೋ ದೊಡ್ಡ ಡಾಕ್ಟರದು. ಕುಣಿಗಲ್ ಬಸ್ಸಿನಲ್ಲಿ ನಿಂತು ಹೋದವಳ ಹೆಸರು ನಾಲ್ಕನೆಯದು.

ಆಮೇಲೆ ತುಮಕೂರಿನ ಒಂದು ಕಾಲೇಜಿನಲ್ಲಿ ಕಾಯಂ ಕೆಲಸಕ್ಕೆ ಇಂಟರ್‌ವ್ಯೂ ಆಯಿತು. ಮುಗಿಸಿಕೊಂಡು, ಮಗು ನೋಡಿಕೊಳ್ಳಲು ನಾನು ಬಂದಿದ್ದ ಅವಳ ಮರಳೂರಿನ ಬಾಡಿಗೆ ಮನೆಗೆ ಬಂದವಳು ಸೀರೆಯನ್ನೂ ಬದಲಾಯಿಸದೆ ಪಾತ್ರೆ ಉಜ್ಜಲು ನಿಂತಳು.

"ನಾಲ್ಕನೇ ಹೆಸ್ರಿಗೆ ಮಾರ್ಕ್ಸ್ ಇಲ್ವಂತೆ ಕಣವ್ವ. ಕಾಮಾಲೆ ಕೆಲ್ಸ ಬೇರೇರ್ದು, ನೀವು ಸಹಾಯ ಮಾಡಿದೀರ ಅಷ್ಟೇ ಅಂದ್ರು."

"ನಿನ್ ಗೈಡ್‌ನ ಕೇಳು."

"ಸುಮ್ನಿರವ್ವ. ಅದೇ ಪಟ್ಟಿ ಮೇಲೆ ಇನ್ನೊಂದ್ ಲೇಖ್ನ ಐತೆ. ಅದ್ರಲ್ಲಿ ಮೊದ್ಲು ನನ್ನ ಹೆಸ್ರೇ ಹಾಕ್ತೀನಿ ಅಂದವ್ರೆ. ಅದು ಬಂದ್ರೆ ಮುಂದಿನ್ ಸಲ ಕೆಲ್ಸ ಆಯ್ತದೆ."

ನಾನು ಸುಮ್ಮನಿರುವ ಹೆಂಗಸಲ್ಲ. ತುಮಕೂರಿನ ಸದಾಶಿವನಗರದಲ್ಲಿದ್ದ ಪ್ರೊಫೆಸರ ಮನೆಗೆ ಹೋದೆ. ಸೋಫಾದಲ್ಲಿ ಕೂರಿಸಿ ಕಾಫಿ ಕೊಟ್ಟರು.

"ಎರಡ್ನೇದ್ರಲ್ಲಿ ನನ್ ಮಗಳ್ ಹೆಸ್ರು ಮೊದ್ಲು ಹಾಕ್ತೀರಂತೆ, ನಿಜವಾ ಸ್ವಾಮಿ?"

"ಅದೆಲ್ಲಾ ನಿಮಗೆ ಅರ್ಥ ಆಗಲ್ಲಮ್ಮ. ಮೊಮ್ಮಗ ಹೇಗಿದಾನೆ?"

ಅಲ್ಲಿಗೆ ನನಗೆ ಅರ್ಥವಾಯಿತು. ಸೆರಗಿನ ಗಂಟು ಬಿಚ್ಚಿ, ಮೊಮ್ಮಗನ ಕಾಲಿಂದ ತೆಗೆದು ತಂದಿದ್ದ ಕಡಗಗಳನ್ನು ಟೀಪಾಯಿಯ ಮೇಲೆ ಇಟ್ಟೆ. ನಮ್ಮ ಕಡೆ ಮಗುವಿಗೆ ತೊಡಿಸಿದ್ದನ್ನು ವಾಪಸು ಕೊಟ್ಟರೆ ಆ ಮನೆಯ ಹೊಸಿಲು ಇನ್ನು ತುಳಿಯುವುದಿಲ್ಲ ಎಂದರ್ಥ. ಅವರಿಗೂ ಅದು ಗೊತ್ತು.

"ಕಾಲಿಗೆ ಬಿಗಿ ಆಯ್ತೇನಮ್ಮ? ಇನ್ನೊಂದು ಮಗುಗೆ ಆಗುತ್ತೆ, ಇಟ್ಕೊಳ್ಳಿ" ಎಂದರು ಅವರ ಹೆಂಡತಿ.

"ಒಂದೊಂದ್ ಮಗಿಗೂ ಒಂದೊಂದ್ ಲೇಖ್ನ ನಿಮ್ಗೆ ಕೊಡಕ್ಕೆ ಆಗಕಿಲ್ಲ ತಾಯಿ."

ಕಾಫಿ ಕುಡಿಯದೆ ಎದ್ದು ಬಂದೆ.

ಮಗಳು ಕೂಗಾಡಿದಳು. "ಯಾರ್ ಹೇಳಿದ್ರು ನಿಂಗೆ ಹೋಗು ಅಂತ? ಹಾಕೋರು ಕಣವ್ವ, ಈ ಸಲ ಹಾಕೋರು!"

"ನಿಜವಾಗ್ಲೂ ಹಾಕೋರೇನೇ?"

ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಎರಡನೆಯ ಲೇಖನ ಈಚೆಗೆ ಬಂತು. ಮೊಬೈಲಿನಲ್ಲಿ ತೋರಿಸು ಎಂದೆ. ಮೇಲಿನ ಸಾಲಿನಲ್ಲಿ ಬೆರಳಿಟ್ಟು ಒಂದೊಂದೇ ಹೆಸರು ನೋಡಿದೆ. ಅವಳದು ಇರಲಿಲ್ಲ. ಅವಳು ಪರದೆಯನ್ನು ಕೊನೆಯವರೆಗೂ ಸರಿಸಿ, ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲು ತೋರಿಸಿದಳು. ಕುಣಿಗಲ್‌ನ ನರ್ಸಮ್ಮಂದಿರ ಜೊತೆಗೆ ಅವಳಿಗೂ ಥ್ಯಾಂಕ್ಸ್ ಹೇಳಿದ್ದರು.

"ಥ್ಯಾಂಕ್ಸಿಗೆ ಎಷ್ಟು ಮಾರ್ಕ್ಸೇ?" ಎಂದೆ.

"ನೀನು ಆ ಕಡಗ ಕೊಡ್ದೇ ಇದ್ದಿದ್ರೆ ನಾಲ್ಕನೇದಾದ್ರೂ ಇರೋದು" ಎಂದು ಮೊಬೈಲು ಕಿತ್ತುಕೊಂಡಳು.

ಇರುತ್ತಿತ್ತೇನೋ. ಆದರೂ ಆ ಬೆಳ್ಳಿಯನ್ನು ನನ್ನ ಮೊಮ್ಮಗನ ಕಾಲಿಗೆ ನಾನು ಮತ್ತೆ ಹಾಕುತ್ತಿರಲಿಲ್ಲ.