ಕೊನೆಯ ಬೆಂಚಿನ ವರ್ಡೆಲ್

ವರ್ಡೆಲ್ ಯಾನ್ಸಿ ತೀರಿಕೊಂಡು ಎರಡು ಚಳಿಗಾಲ ಕಳೆದವು. ರೇಡಿಯೋದಲ್ಲಿ ಅವಳ ದನಿಯಿರುವ ಆ ಹಾಡು ಬಂದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ. ಹಾಡಿನ ಮೇಲಲ್ಲ, ನಮ್ಮ ಚರ್ಚಿನ ಮೇಲೆ.

ಅಲಬಾಮಾದ ಈ ನದಿದಂಡೆಯ ಊರಿಗೆ ನಾನು ಸೊಸೆಯಾಗಿ ಬಂದಾಗ ವರ್ಡೆಲ್ ಲಾಂಡ್ರಿಯಲ್ಲಿ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅವಳ ಪಕ್ಕದ ಮೇಜಿನಲ್ಲೇ ನನಗೂ ಕೆಲಸ ಸಿಕ್ಕಿತು. ಅವಳ ಬಾಯಿ ಜೋರು, ಹಠ ಅದಕ್ಕಿಂತ ಜೋರು. ನಾನೊಮ್ಮೆ ಕಾಲರು ಸುಟ್ಟಾಗ, "ಏನೇ ಹುಡುಗಿ, ಗಂಡನ ಮೇಲಿನ ಸಿಟ್ಟನ್ನ ಯಾರದೋ ಅಂಗಿ ಮೇಲೆ ತೀರಿಸ್ಕೋತೀಯಾ?" ಎಂದು ಎಲ್ಲರನ್ನೂ ನಗಿಸಿದ್ದಳು. ಇಂಥವಳು ಭಾನುವಾರ ಮಾತ್ರ ಮೂಗಿ. ಇಡೀ ಚರ್ಚು ಚಪ್ಪಾಳೆ ತಟ್ಟಿ ಹಾಡುವಾಗ ಕೊನೆಯ ಬೆಂಚಿನಲ್ಲಿ ತುಟಿ ಬಿಗಿದು ಕೂತಿರುತ್ತಿದ್ದಳು. ಬಿಳಿ ಕೈಗವಸು ಹಾಕಿಕೊಂಡು ಬಾಗಿಲಲ್ಲಿ ನಿಂತು ಜನರಿಗೆ ಜಾಗ ತೋರಿಸುವುದು ನನ್ನ ಪಾಲಿನ ಸೇವೆ. ಹಾಗಾಗಿ ನಾನು ವಾರವಾರ ನೋಡುತ್ತಿದ್ದದ್ದು ಅವಳ ಬೆನ್ನನ್ನೇ. ಕಾರಣ ಕೇಳಿದ್ದಕ್ಕೆ, ಇಸ್ತ್ರಿ ಪೆಟ್ಟಿಗೆ ಎತ್ತಿಡದೆಯೇ ಹೇಳಿದಳು.

ಅವಳ ಹರೆಯದಲ್ಲಿ ಉದ್ದ ಕೂದಲಿನ ಬಿಳಿ ಹುಡುಗರು ಗಿಟಾರ್ ಹೊತ್ತು ನದಿಯಾಚೆಯ ಸ್ಟುಡಿಯೋಗೆ ಬಂದಿದ್ದರಂತೆ. ಅವರ ರಾಕ್ ಹಾಡಿಗೆ ಚರ್ಚಿನಲ್ಲಿ ಪಳಗಿದ ದನಿ ಬೇಕಿತ್ತು. ಕರೆದದ್ದು ಇಬ್ಬರನ್ನು: ವರ್ಡೆಲ್ ಮತ್ತು ಅರ್ನೆಸ್ಟೀನ್. ಅರ್ನೆಸ್ಟೀನ್ ತಬ್ಬಲಿ, ವರ್ಡೆಲ್‌ಳ ಅಮ್ಮನೇ ಸಾಕಿದವಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಚರ್ಚಿನ ಹಾಡುಗಾರರ ಗುಂಪಾದ ಕ್ವಾಯರಿನಲ್ಲಿ ಮೇಲಿನ ಸ್ವರ ವರ್ಡೆಲ್‌ಳದು, ಕೆಳಗಿನದು ಅರ್ನೆಸ್ಟೀನ್‌ಳದು.

"ಇದು ಪ್ರಾರ್ಥನೆನೇ ಮ್ಯಾಮ್, ಚರ್ಚಲ್ಲಿ ಹೇಗೆ ಹಾಡ್ತೀರೋ ಹಾಗೇ ಹಾಡಿ" ಎಂದನಂತೆ ಅವರಲ್ಲಿ ಹಾಡುವ ಹುಡುಗ. 'ನನ್ನ ಕೈ ಬಿಡಬೇಡ' ಎಂಬ ಸಾಲನ್ನು ಇವರು ಮತ್ತೆ ಮತ್ತೆ ಹಾಡಬೇಕಿತ್ತು. ಕೊನೆಯಲ್ಲಿ ವರ್ಡೆಲ್ ಕಣ್ಣು ಮುಚ್ಚಿ, ಅಮ್ಮ ಬಟ್ಟೆ ಒಗೆಯುವಾಗ ತನ್ನಷ್ಟಕ್ಕೆ ಗುನುಗುತ್ತಿದ್ದ ಆಲಾಪವನ್ನು ಎತ್ತಿಕೊಂಡಳು. ರೆಕಾರ್ಡು ಹೊರಬಂದಾಗ ನೋಡಿದರೆ, ನಡುವೆಲ್ಲ ಆ ಹುಡುಗ ತನ್ನನ್ನು ಬಿಟ್ಟುಹೋದ ಹೆಣ್ಣೊಬ್ಬಳನ್ನು ಕರೆಯುತ್ತಿದ್ದಾನೆ! ಕುಡಿಯುವ ಅಡ್ಡೆಗಳಲ್ಲೆಲ್ಲ ಅದೇ ಹಾಡು.

ಮುಂದಿನ ಭಾನುವಾರ ಚರ್ಚಿನ ಹಿರಿಯರಾದ ಡೀಕನ್ ಹಾಲಿಸ್ ಎಲ್ಲರೆದುರು ಕೇಳಿದರು: "ಅದು ನಿನ್ನ ದನಿ ಅಲ್ವೇನಮ್ಮ ವರ್ಡೆಲ್?"

"ನಂದೇ. ನಾನು ಹಾಡಿದ್ದು ದೇವ್ರಿಗೆ."

"ಜೊತೆಗೆ ಯಾರಿದ್ರು?"

ಜೊತೆಗಾತಿಯ ಹೆಸರನ್ನು ವರ್ಡೆಲ್ ಹೇಳಲಿಲ್ಲ. ಅರ್ನೆಸ್ಟೀನ್ ತಾನಾಗಿಯೇ ಏಳುತ್ತಾಳೆ ಎಂದುಕೊಂಡಿದ್ದಳು. ಅರ್ನೆಸ್ಟೀನ್ ಎದ್ದದ್ದೇನೋ ನಿಜ. ಆದರೆ ಅವಳಿಗೆ ಇದೇ ಡೀಕನ್ನರ ಮಗನ ಜೊತೆ ಮದುವೆ ಗೊತ್ತಾಗಿತ್ತು. "ಬೇಡ ಕಣೇ ಅಂತ ಕೈ ಹಿಡಿದು ಎಳ್ದೆ, ಕೇಳ್ಲಿಲ್ಲ. ನಾನು ಹೊರಗೆ ಕಾರಲ್ಲೇ ಕೂತಿದ್ದೆ" ಎಂದಳು.

ತಪ್ಪಿ ನಡೆದವರನ್ನು ನಮ್ಮ ಚರ್ಚಿನಲ್ಲಿ ಹಿಂದೆ ಕೂರಿಸುತ್ತಾರೆ. ಎಲ್ಲರ ಮುಂದೆ ನಿಂತು ಪಾಪ ಮಾಡಿದೆ ಎಂದು ಒಪ್ಪಿಕೊಳ್ಳುವ ತನಕ ಕ್ವಾಯರಿನ ನಿಲುವಂಗಿ ಇಲ್ಲ, ಹಾಡಿಲ್ಲ, ಹಿಂದಿನ ಬೆಂಚೇ ಗತಿ. ವರ್ಡೆಲ್ ಒಪ್ಪಲಿಲ್ಲ. "ದೇವ್ರಿಗೆ ಹಾಡಿದ್ದಕ್ಕೆ ದೇವ್ರ ಹತ್ರ ಕ್ಷಮೆ ಕೇಳ್ಲಾ?" ಎಂದು ಹೋಗಿ ಕೂತವಳು ಕೂತೇಬಿಟ್ಟಳು. ಅವಳ ಅಮ್ಮ ಸತ್ತಾಗಲೂ ಬಿಡಲಿಲ್ಲ ಆ ಪುಣ್ಯಾತ್ಮರು. ಹೆತ್ತ ಮಗಳು ಬಾಯಿ ಮುಚ್ಚಿ ಕೂತಿದ್ದಳು. ಹೆಣದ ಪಕ್ಕ ನಿಂತು ಹಾಡಿದ್ದು ಅರ್ನೆಸ್ಟೀನ್.

"ಬೇರೆ ಚರ್ಚಿಗೆ ಹೋಗ್ಬಾರ್ದಾ ಅಕ್ಕ?" ಎಂದೆ.

"ಯಾಕೆ ಹೋಗ್ಲಿ? ನಾನು ಹೋದ್ರೆ ಅವಳಿಗೆ ನಿರಾಳ ಆಗುತ್ತೆ. ವಾರವಾರ ನನ್ನ ಮುಖ ನೋಡ್ಲಿ."

ಕಾಲ ಉರುಳಿತು. ಆ ಹಾಡು ದೊಡ್ಡದಾಗುತ್ತಾ ಹೋಯಿತು. ಮದುವೆಗಳಲ್ಲಿ, ಸಾವಿನ ಮನೆಗಳಲ್ಲಿ, ಕೊನೆಗೆ ಬೇರೆ ಚರ್ಚುಗಳಲ್ಲೂ ಹಾಡತೊಡಗಿದರು. ದೂರದೂರಿನವರು ಕ್ಯಾಮೆರಾ ಹಿಡಿದು ಬಂದು, ಕೊನೆಯಲ್ಲಿ ಆಲಾಪ ಮಾಡಿದ ಹೆಂಗಸು ಯಾರು ಎಂದು ವಿಚಾರಿಸಿದರು. ಅಷ್ಟು ಹೊತ್ತಿಗೆ ಅರ್ನೆಸ್ಟೀನ್ ಚರ್ಚಿನ ಹಿರಿಯ ಹೆಂಗಸಿಗೆ ಕೊಡುವ ಗೌರವದ, ಬಿಳಿ ಟೋಪಿಯ 'ಮದರ್' ಆಗಿ ಮುಂದಿನ ಸಾಲಿನಲ್ಲಿದ್ದಳು. ನಾಚಿಕೆಯಿಲ್ಲದ ಹೆಂಗಸು, "ನಾನೇ" ಎಂದುಬಿಟ್ಟಳು! ವರ್ಡೆಲ್ ಅಂದು ಲಾಂಡ್ರಿಯಲ್ಲಿ ಒಂದೇ ಅಂಗಿಯನ್ನು ತಿರುತಿರುಗಿ ಉಜ್ಜುತ್ತಿದ್ದಳು.

ಚರ್ಚಿನ ವಾರ್ಷಿಕೋತ್ಸವದಂದು ಹೊಸ ಪಾಸ್ಟರ್ ಅದೇ ಹಾಡನ್ನು ಇಟ್ಟುಕೊಂಡರು. ಕ್ಯಾಮೆರಾದವರೂ ಬಂದಿದ್ದರು. ಮದರ್ ಅರ್ನೆಸ್ಟೀನ್ ಆಲಾಪ ಮಾಡಬೇಕೆಂದಾಗ, "ಗಂಟಲು ಕಟ್ಟಿದೆ ಪಾಸ್ಟರ್, ಮೇಲೆ ಹೋಗಲ್ಲ" ಎಂದು ಕೆಮ್ಮಿದಳು. ಹಳಬರು ಯಾರೋ ಪಾಸ್ಟರ್ ಕಿವಿಯಲ್ಲಿ ಏನೋ ಉಸುರಿದರು.

"ಸಿಸ್ಟರ್ ವರ್ಡೆಲ್, ನೀವೂ ಹಿಂದೆ ಹಾಡ್ತಿದ್ರಂತೆ. ಬನ್ನಿ ಮುಂದೆ."

ವರ್ಡೆಲ್ ಎದ್ದು ನಿಂತಳು. ನಾನು ಬೆಂಚಿನ ಪಕ್ಕಕ್ಕೆ ಬಂದೆ; ಅವಳ ಮುಖದಲ್ಲಿ ಅಂಥ ಆಸೆಯನ್ನು ನಾನು ಎಂದೂ ಕಂಡಿರಲಿಲ್ಲ.

"ನನ್ನನ್ನ ಕೂರಿಸಿದ್ದಾರೆ ಪಾಸ್ಟರ್. ಇನ್ನೂ ಯಾರೂ ಎಬ್ಬಿಸಿಲ್ಲ. ಅರ್ನೆಸ್ಟೀನ್ ಅವತ್ತು ಕಾರಲ್ಲಿ ಕೂತಿದ್ದೆ ಅಂದ್ಲು, ಇವತ್ತು ಹಾಡಿದ್ದೇ ನಾನು ಅಂತಾಳೆ. ಎರಡ್ರಲ್ಲಿ ನಿಜ ಯಾವ್ದು ಅಂತ ಇಲ್ಲಿ ಹೇಳ್ಲಿ. ಅಷ್ಟು ಹೇಳಿದ್ರೆ ಸಾಕು, ಹಾಡ್ತೀನಿ."

ಅರ್ನೆಸ್ಟೀನ್ ರಟ್ಟಿನ ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದಳು. ವರ್ಡೆಲ್ ಕಾದಳು. ಡೀಕನ್ನರು ತಮ್ಮ ಬೂಟು ನೋಡಿಕೊಂಡರು. ಪಾಸ್ಟರ್ ಕ್ಯಾಮೆರಾ ಕಡೆ ನೋಡಿ, ನಕ್ಕು, ಕ್ವಾಯರಿಗೆ ಕೈಸನ್ನೆ ಮಾಡಿಬಿಟ್ಟರು.

ಹಾಡು ಶುರುವಾಯಿತು. ಕೊನೆಗೆ ಬಂದಾಗ ಬೀಸಣಿಗೆಯ ಹಿಂದಿನಿಂದ ಅಭ್ಯಾಸಬಲದಿಂದ ಒಂದು ದನಿ ಹೊರಟಿತು. ಅರ್ನೆಸ್ಟೀನ್‌ಳ ಅದೇ ಕೆಳಗಿನ ಸ್ವರ, ರೆಕಾರ್ಡಿನಲ್ಲಿ ಎಲ್ಲೆಲ್ಲಿ ಉಸಿರು ತೆಗೆದುಕೊಂಡಿದೆಯೋ ಅಲ್ಲಲ್ಲೇ ತೆಗೆದುಕೊಳ್ಳುತ್ತಾ. ಅದರ ಮೇಲೆ ಇರಬೇಕಾದ ಆಲಾಪದ ಜಾಗ ಖಾಲಿಯಿತ್ತು. ಅವಳ ಎರಡು ಮಾತೂ ಸುಳ್ಳೆಂಬುದು ಇಡೀ ಚರ್ಚಿಗೆ ಕೇಳಿಸಿತು. ಯಾರೂ ಹಿಂದಕ್ಕೆ ತಿರುಗಲಿಲ್ಲ.

ವರ್ಡೆಲ್ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಕೇಳಿಸ್ಕೊಂಡ್ಯಾ? ಕಾರಲ್ಲಿ ಕೂತಿದ್ಲಂತೆ" ಎಂದು ಮೆಲ್ಲಗೆ ಕೂತುಕೊಂಡಳು.

ಆಮೇಲೂ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಸಾಯುವ ತನಕ ಅವಳನ್ನು ಯಾರೂ ಎಬ್ಬಿಸಲಿಲ್ಲ.