ನಾಲ್ಕನೆಯ ಕೈಪಟ್ಟಿ

ನನಗೆ ನೀರಾಟವೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇಚಿಲಂಪಾಡಿಯಲ್ಲಿ ಹೊಳೆಯ ಬದಿಯಲ್ಲೇ ಹುಟ್ಟಿ ಬೆಳೆದವಳಿಗೆ ದುಡ್ಡು ಕೊಟ್ಟು ಒದ್ದೆಯಾಗುವ ಹುಚ್ಚು ಎಲ್ಲಿಂದ ಬರಬೇಕು? ಆದರೆ ನನ್ನ ಗಂಡ ಮಂಗಳೂರಿನ ಮಾಲೊಂದರಲ್ಲಿ ಯಾರೋ ಪುಕ್ಕಟೆ ಊಟ ಕೊಡುತ್ತಾರೆಂದು ಕೂತವರು, ಏಳುವಾಗ ಒಂದು ಸದಸ್ಯತ್ವ ಹಿಡಿದುಕೊಂಡೇ ಎದ್ದರು. ಘಟ್ಟದ ಮೇಲೊಂದು ಥೀಮ್ ಪಾರ್ಕ್. ಅದರೊಳಗಿನ ರೆಸಾರ್ಟಿನಲ್ಲಿ ಪ್ರತಿ ವರ್ಷ ಒಂದು ವಾರ ಒಂದು ಕೋಣೆ ನಮ್ಮದು, ನಾಲ್ಕು ಜನಕ್ಕೆ: ನಾವಿಬ್ಬರು, ಮಗಳು, ಅವಳ ತಮ್ಮ. "ಇನ್ನು ಆ ಕೋಣೆಗೆ ನಾವೇ ಧನಿಗಳು ಮಾರಾಯ್ತಿ" ಎಂದು ಕುಂಬ್ರದ ಮನೆಗೆ ಬಂದು ಹೇಳಿದರು. ನಾನು ಎರಡು ದಿನ ಮಾತು ಬಿಟ್ಟೆ.

ಮಗಳು ಮಾತ್ರ ಆ ಪಾರ್ಕಿಗೆ ಮರುಳಾದಳು. ಅಲ್ಲಿ ಅಲೆಗಳ ಕೊಳವಿದೆ. ಅಲೆ ಬಿಡುವ ಮೊದಲು ಉದ್ದಕ್ಕೆ ಸೈರನ್ ಕೂಗುತ್ತದೆ. ಅದು ಕೇಳಿದರೆ ಸಾಕು, ಬಾಯಲ್ಲಿದ್ದ ದೋಸೆ ನುಂಗುವ ಮೊದಲೇ ಓಡುತ್ತಿದ್ದಳು. ಎರಡು ಸಲ ಹೋಗಿ ಬಂದೆವು. ಮೂರನೆಯ ಸಲಕ್ಕೆ ಮೊದಲು ಅವಳಿಗೆ ಜ್ವರ ಬಂತು. ಡೆಂಗಿ ಎಂದರು. ಆಸ್ಪತ್ರೆಗೆ ನಡೆದುಕೊಂಡೇ ಹೋದವಳನ್ನು ಮನೆಗೆ ಹೊತ್ತುಕೊಂಡು ಬಂದೆವು.

ಆ ವರ್ಷವೂ ಪಾರ್ಕಿಗೆ ಹೋದೆವು. ಜನ ಏನಂದುಕೊಂಡರೋ. ಮನೆಯಲ್ಲಿ ಕೂರಲಾಗಲಿಲ್ಲ, ಅಷ್ಟೆ. ಕೌಂಟರಿನ ಹುಡುಗಿ ಕೊಳಕ್ಕೆ ಹೋಗುವಾಗ ಗೇಟಿಗೆ ತಾಗಿಸಬೇಕಾದ ನಾಲ್ಕು ರಬ್ಬರ್ ಕೈಪಟ್ಟಿಗಳನ್ನು ಮುಂದಿಟ್ಟು, "ಇನ್ನೊಬ್ಬರು?" ಎಂದಳು. ನನ್ನ ಗಂಡ ಮುಖ ಎತ್ತದೆ, "ಹಿಂದೆ ಬರ್ತಾ ಇದ್ದಾಳೆ" ಎಂದರು. ನಾನು ತಿರುಗಿ ನೋಡಿದೆ ಕೂಡ.

ಕೋಣೆಯಲ್ಲಿ ನಾಲ್ಕು ಟವೆಲು, ನಾಲ್ಕು ಲೋಟ. ನಮ್ಮಲ್ಲಿ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುವ ಕ್ರಮವಿದೆ. ಅಲ್ಲಿಯೂ ಹಾಗೇ ಮಾಡಿದೆ. ತಟ್ಟೆಯಲ್ಲಿ ಒಂದು ದೋಸೆ, ಪಕ್ಕದಲ್ಲಿ ಅವಳ ಕೈಪಟ್ಟಿ. ಬಾಗಿಲ ಪಕ್ಕ ಸಿಕ್ಕಿಸಿದ ಕೀಲಿ ಕಾರ್ಡು ತೆಗೆದರೆ ಆ ಕೋಣೆಯ ಕರೆಂಟು ಹೋಗುತ್ತದೆ. ಕೊಟ್ಟಿದ್ದ ಎರಡು ಕಾರ್ಡುಗಳಲ್ಲಿ ಒಂದನ್ನು ಗಂಡ ಅಲ್ಲೇ ಬಿಟ್ಟರು. ಕತ್ತಲೆಂದರೆ ಅವಳಿಗೆ ಹೆದರಿಕೆ. ಆಮೇಲೆ ಪ್ರತಿ ವರ್ಷವೂ ಇದೇ ನಡೆಯಿತು. ತಿರುಗಿ ಬಂದಾಗ ನಾಲ್ಕನೆಯ ಟವೆಲು ಒದ್ದೆಯಾಗಿದೆಯೇನೋ ಎಂದು ಮುಟ್ಟಿ ನೋಡುತ್ತಿದ್ದೆ. ಊರಿನಲ್ಲಿ ಮಧ್ಯಾಹ್ನ ಅಡಿಕೆ ಸುಲಿಯುತ್ತ ಕೂತಾಗಲೂ ಆ ಸೈರನ್ ಕೇಳಿಸುತ್ತಿತ್ತು.

ಕಳೆದ ವರ್ಷ ಪಾರ್ಕಿನವರು ನಮ್ಮ ಕಡೆಯ ಸದಸ್ಯರನ್ನೆಲ್ಲ ಪುತ್ತೂರಿನ ಹೋಟೆಲೊಂದಕ್ಕೆ ಕರೆದರು. ಎಲ್ಲರ ಹೊಟ್ಟೆಯುರಿ ಒಂದೇ. ವರ್ಷ ವರ್ಷ ನಿರ್ವಹಣೆಗೆಂದು ಕಟ್ಟುವವರು ನಾವು, ಜಾರುಬಂಡಿಗೆ ಮಾತ್ರ ಒಂದು ದಿನದ ಟಿಕೆಟಿನವರ ಹಿಂದೆ ಬಿಸಿಲಲ್ಲಿ ನಿಲ್ಲಬೇಕು. "ಧನಿಗಳು ಅಂತ ಹೇಳುದು, ಒಂದು ಚಾ ಸಹ ಪುಕ್ಕಟೆ ಇಲ್ಲ" ಎಂದರು ಸುಳ್ಯದ ಒಬ್ಬರು. ನ್ಯಾಯವೇ. ಸದಸ್ಯರಿಗೆ ಇದಕ್ಕಿಂತ ಒಳ್ಳೆಯ ಸವಲತ್ತು ಸಿಗಬೇಕೆಂದು ನಾನೂ ತಲೆಯಾಡಿಸಿದೆ.

ಟೈ ಕಟ್ಟಿದ ಅಧಿಕಾರಿ ನಗುತ್ತ ಹೊಸ ಸವಲತ್ತುಗಳನ್ನು ಹೇಳಿದ. ಸದಸ್ಯರಿಗೆ ಬೇರೆ ಸಾಲು. ಊಟದಲ್ಲಿ ರಿಯಾಯಿತಿ. ಮುಖ ನೋಡಿಯೇ ಕೈಪಟ್ಟಿ ಕೊಡುವ ಯಂತ್ರ. ಬಾರದವರ ಹೆಸರು ತೆಗೆದು ಬೇರೆಯವರನ್ನು ಪುಕ್ಕಟೆ ಸೇರಿಸಬಹುದು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಕಂಪ್ಯೂಟರ್ ನೋಡಿ ನಮ್ಮತ್ತ ತಿರುಗಿದ. "ಸರ್, ನಿಮ್ಮ ಮಗಳ ಪಟ್ಟಿ ತುಂಬ ವರ್ಷದಿಂದ ಗೇಟಿಗೆ ತಾಗಿಯೇ ಇಲ್ಲ. ಜಾಗ ಸುಮ್ಮನೆ ಹಾಳಾಗ್ತಾ ಉಂಟು. ಯಾರನ್ನು ಸೇರಿಸುವಾ?"

"ಅವಳು ಹಿಂದೆ ಬರ್ತಾ ಇದ್ದಾಳೆ" ಎಂದರು ನನ್ನ ಗಂಡ.

ಅಲ್ಲಿದ್ದವರಲ್ಲಿ ಅರ್ಧ ಜನ ಅವಳ ಉತ್ತರಕ್ರಿಯೆಗೆ ಬಂದು ಉಂಡು ಹೋದವರು. ಎಲ್ಲರೂ ನಮ್ಮ ಕಡೆ ತಿರುಗಿದರು. ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆಂದು ಇವತ್ತಿಗೂ ಗೊತ್ತಿಲ್ಲ. ಎದ್ದು ನಿಂತು, "ನಮಗೆ ಹೊಸತು ಎಂತದೂ ಬೇಡ. ಇದ್ದದ್ದು ಇರ್ಲಿ" ಎಂದೆ.

ಅವನಿಗೇನು ಗೊತ್ತು, ಪಾಪ. "ಇರ್ಲಿ ಮೇಡಂ. ಆದ್ರೆ ಮುಖ ಕಾಣದಿದ್ರೆ ಯಂತ್ರ ಪಟ್ಟಿ ಕೊಡುದಿಲ್ಲ" ಎಂದ.

ಈ ವರ್ಷ ಯಂತ್ರ ಮೂರೇ ಪಟ್ಟಿ ಕೊಟ್ಟಿತು. ಕೋಣೆಯಲ್ಲಿ ಟವೆಲೂ ಮೂರೇ. ಗಂಡ ಮಂಚದ ತುದಿಯಲ್ಲಿ ಕೂತು, "ಈಗ ಅವಳು ಒಳಗೆ ಬರುದು ಹೇಗೆ ಮಾರಾಯ್ತಿ?" ಎಂದು ಕೇಳಿದರು, ನಿಜಕ್ಕೂ ಉತ್ತರ ಬೇಕಾದವರ ಹಾಗೆ. ನಾನು ತಟ್ಟೆಗೆ ದೋಸೆ ಹಾಕಿದೆ. ನನ್ನ ಕೈಪಟ್ಟಿಯನ್ನು ಜಾರಿಸಿ ತೆಗೆದು ಅದರ ಪಕ್ಕ ಇಟ್ಟೆ, ನನ್ನ ಟವೆಲನ್ನೂ. ಕಾರ್ಡನ್ನು ಅಲ್ಲೇ ಬಿಟ್ಟು ಬಾಗಿಲು ಎಳೆದುಕೊಂಡು ಹೊರಟೆವು.

ಗಂಡ, ಮಗ ಇಬ್ಬರೂ ಕೊಳದ ಗೇಟು ದಾಟಿದರು. ಕಾವಲಿನವನು ನನ್ನನ್ನು ತಡೆದು, "ಪಟ್ಟಿ ಎಲ್ಲಮ್ಮಾ?" ಎಂದ. ಸೈರನ್ ಕೂಗತೊಡಗಿತ್ತು.

"ಮಗಳ ಕೈಯಲ್ಲಿ ಉಂಟು. ಹಿಂದೆ ಬರ್ತಾ ಇದ್ದಾಳೆ, ಅವಳನ್ನು ಒಳಗೆ ಬಿಡಿ" ಎಂದು ಹೇಳಿ ನಾನು ಬೇಲಿಯ ಹೊರಗೇ ನಿಂತೆ.