ನಡುಕ ಬಂದರೆ ಔಷಧ ಹತ್ತಿತಂತೆ!

ಚಹಾ ತಂದು ನೋಡಿದರೆ ಮಗಳು ಹಾಸಿಗೆಯಲ್ಲಿ ಗಡಗಡ ನಡುಗುತ್ತಿದ್ದಳು. ತೊಂಬತ್ತರ ದಶಕದ ಸಿಂಧನೂರಿನ ಆಸ್ಪತ್ರೆ. ರೋಗ ತಡೆಯುವ ಶಕ್ತಿ ಅವಳ ರಕ್ತದಲ್ಲಿ ಹುಟ್ಟಿನಿಂದಲೇ ಇಲ್ಲ. ಅದನ್ನು ತುಂಬುವ ಔಷಧವನ್ನು ಹೈದರಾಬಾದಿನಿಂದ ತರಿಸಿ, ತಿಂಗಳಿಗೊಮ್ಮೆ ನಿಧಾನವಾಗಿ ಏರಿಸಬೇಕಿತ್ತು. ಮಸ್ಕಿಯಿಂದ ನೋಡಲು ಬಂದಿದ್ದ ನನ್ನ ಹೆಂಡತಿಯ ಅಣ್ಣ ಡ್ರಿಪ್ಪಿನ ವೇಗ ಹೆಚ್ಚು-ಕಡಿಮೆ ಮಾಡುವ ಚಕ್ರವನ್ನು ಪೂರ್ತಿ ತೆರೆದುಬಿಟ್ಟಿದ್ದರು.

"ಸಲಾಯಿನ್ ಒಂದ್ ತಾಸಿನ್ಯಾಗ ಮುಗಿತೈತಿ, ಇದಕ್ಕ ಯಾಕ ಇಡೀ ದಿನ?"

ಸಿಸ್ಟರ್ ಓಡಿಬಂದು, ವೇಗವಾಗಿ ಏರಿದ್ದಕ್ಕೇ ಈ ನಡುಕ ಎಂದು ಡ್ರಿಪ್ ನಿಲ್ಲಿಸಿದರು. ಭಾವನಿಗೆ ಖುಷಿಯೋ ಖುಷಿ: "ನಡುಗಾಕತ್ತಾಳಂದ್ರ ಔಷಧ ಹತ್ತೈತಿ ಬಿಡ್ರೀ!"

ತಾಸಿನ ನಂತರ ನಡುಕ ನಿಂತಿತು. ಅಂದಿನಿಂದ, ಚಕ್ರ ಮುಟ್ಟಬೇಡಿ, ಚಳಿ ಅಥವಾ ಎದೆಬಿಗಿತ ಬಂದರೆ ಕೂಡಲೇ ಸಿಸ್ಟರನ್ನು ಕರೆಯಿರಿ ಎಂದು ಬಂದವರಿಗೆಲ್ಲ ಹೇಳುತ್ತಲೇ ಇದ್ದೇನೆ. ಸೊಸೆಯನ್ನು ಅಂದು ಉಳಿಸಿದ್ದು ತಾವೇ ಎಂದು ಭಾವ ಮಸ್ಕಿಯಲ್ಲಿ ಇಂದಿಗೂ ಹೇಳಿಕೊಳ್ಳುತ್ತಾರೆ.